ಗುಳಿಗೆ ಬಿಡಿಸುವವರು ಯಾರು?

ಖಿನ್ನತೆಗೆ ಗುಳಿಗೆ ಬರೆದುಕೊಡುವವರು ಇಂದು ಪೇಟೆಗೆ ಹತ್ತಾರು ಮಂದಿ ಇದ್ದಾರೆ. ಅದನ್ನು ಬಿಡಿಸುವವರು ಎಲ್ಲಿದ್ದಾರೆ? ಗುಳಿಗೆಯ ಮೇಲಿನ ದ್ವೇಷದಿಂದ ನಾವು ಈ ಪ್ರಶ್ನೆ ಕೇಳುತ್ತಿಲ್ಲ. ಹಾಸಿಗೆ ಹಿಡಿದಿದ್ದ ಎಷ್ಟೋ ಜನರನ್ನು ಅದು ಎಬ್ಬಿಸಿ ಕೂರಿಸಿದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿಂದ ನರಳುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದಕ್ಕಿರಲಿಲ್ಲ. ದಕ್ಕದವರ ಬಗ್ಗೆ ಭಾಷಣಗಳು ಬೇಕಾದಷ್ಟಾಗಿವೆ. ದಕ್ಕಿದವರು ಮುಂದೇನಾದರು ಎಂದು ಕೇಳಿದವರು ಕಡಿಮೆ.

ಜೈನಾಪುರದಂಥ ಊರಿನ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ತೋರಿಸಿಕೊಂಡು ಬಂದಿದ್ದಾಳೆ. ತಿಂಗಳುಗಳು ಕಳೆದಂತೆ ನಿದ್ದೆ ಬಂದಿದೆ, ರೊಟ್ಟಿ ರುಚಿಸಿದೆ. ‘ಆರಾಮಾಗೀದಿ, ಇನ್ನ ಸಾಕ್ ಮಾಡು’ ಎಂದು ಮನೆಯವರು ಒಂದು ದಿನ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಎರಡು ಮೂರು ದಿನಗಳಲ್ಲೇ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಝುಂಕಾರ, ಕೆಟ್ಟ ಕನಸು, ಕಾರಣವಿಲ್ಲದ ಅಳು. ‘ಜಡ್ಡು ಹೊಳ್ಳಿ ಬಂತು’ ಎನ್ನುತ್ತಾಳೆ ಅತ್ತೆ. ‘ಗುಳಗಿ ಚಟ ಹತ್ತೇತಿ’ ಎನ್ನುತ್ತಾರೆ ನೆರೆಯವರು. ನಮ್ಮ ಉರ್ದು ಮನೆಗಳಾದರೆ ‘ಲತ್ ಲಗ್ ಗಯೀ’!

ಚಟ, ಲತ್ ಎರಡೂ ಇಲ್ಲಿ ಸುಳ್ಳು ಮಾತುಗಳು. ಚಟದವನಿಗೆ ಇನ್ನಷ್ಟು ಬೇಕು. ಇವಳಿಗೆ ಬೇಕಾದದ್ದು ಬಿಡುಗಡೆ. ತಿಂಗಳುಗಟ್ಟಲೆ ಔಷಧಕ್ಕೆ ಹೊಂದಿಕೊಂಡ ಮಿದುಳಿನಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಅದು ತತ್ತರಿಸುತ್ತದೆ, ಅಷ್ಟೆ. ಹಳೆಯ ಖಿನ್ನತೆ ಸಾಮಾನ್ಯವಾಗಿ ವಾರಗಳ ಮೇಲೆ ನಿಧಾನವಾಗಿ ಮರಳುತ್ತದೆ. ನಿಲ್ಲಿಸಿದ ದಿನಗಳಲ್ಲೇ ಎದ್ದು ಬರುವ ತಲೆಸುತ್ತು, ಝುಂಕಾರಗಳು ಬೇರೆಯೇ ಬಾಬತ್ತು. ಈ ವ್ಯತ್ಯಾಸ ನೋಡದ ವೈದ್ಯರು ‘ನಿಮಗಿದು ಜೀವನಪೂರ್ತಿ ಬೇಕು’ ಎಂದು ಮತ್ತೆ ಬರೆಯುತ್ತಾರೆ. ಒಂದು ತಪ್ಪು ಓದಿಗೆ ಒಂದು ಆಯುಷ್ಯದ ಗುಳಿಗೆ!

ಹೆದರಿಸುವುದು ನಮ್ಮ ಉದ್ದೇಶವಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂದ ಪರಾಮರ್ಶೆಯ ಪ್ರಕಾರ, ಔಷಧದಿಂದಲೇ ಇಂಥ ತೊಂದರೆಯಾಗುವುದು ನಿಲ್ಲಿಸಿದವರಲ್ಲಿ ಆರೇಳು ಜನರಿಗೆ ಒಬ್ಬರಿಗೆ, ತೀವ್ರವಾಗುವುದು ಸುಮಾರು 35ಕ್ಕೆ ಒಬ್ಬರಿಗೆ. ಬಹಳ ಮಂದಿ ಸಲೀಸಾಗಿ ಬಿಡುತ್ತಾರೆ. ಆದರೆ ಆ ಒಬ್ಬರು ನಮ್ಮ ಮನೆಯವರಾದರೆ?

ಇಳಿಸುವ ಲೆಕ್ಕವೂ ನಾವಂದುಕೊಂಡಷ್ಟು ಸರಳವಲ್ಲ. 20 ಮಿಲಿಗ್ರಾಂ ಸಿಟಲೋಪ್ರಾಮ್ ಮಿದುಳಿನಲ್ಲಿ ತಾನು ಹಿಡಿಯಬೇಕಾದ ಜಾಗದ ಸುಮಾರು ಶೇ. 80ರಷ್ಟನ್ನು ಹಿಡಿಯುತ್ತದೆ. ಐದೂವರೆಗೆ ಇಳಿಸಿದರೂ ಸುಮಾರು ಶೇ. 60 ಉಳಿದೇ ಇರುತ್ತದೆ. ಅಂದರೆ ‘ಇನ್ನು ಚೂರೇ ಚೂರು’ ಎಂದು ಬಿಸಾಡುವ ಆ ಕೊನೆಯ ತುಣುಕೇ ಅತಿ ಎತ್ತರದ ಮೆಟ್ಟಿಲು. ಹೊರೊವಿಟ್ಜ್ ಮತ್ತು ಟೇಲರ್ ಇದನ್ನು 2019ರಲ್ಲೇ ವಿವರಿಸಿದರು. ಇಂಗ್ಲೆಂಡಿನ ಸರಕಾರಿ ಮಾರ್ಗಸೂಚಿ 2022ರಲ್ಲಿ ಹಂತಹಂತವಾಗಿ, ಉಳಿದ ಪ್ರಮಾಣಕ್ಕೆ ತಕ್ಕಂತೆ ಇಳಿಸಿ ಎಂದಿತು. ನಮ್ಮ ಅಂಗಡಿಗಳಲ್ಲಿ ಅಷ್ಟು ಸಣ್ಣ ಗುಳಿಗೆ ಎಲ್ಲಿ ಸಿಗುತ್ತದೆ? ಬ್ಲೇಡಿನಿಂದ ಕತ್ತರಿಸಬೇಕು, ಪುಡಿಯಾದರೆ ನೆಕ್ಕಬೇಕು! ಅದರ ಬದಲು ಎಸ್ಸಿಟಲೋಪ್ರಾಮ್‌ಗೆ ಕ್ಲೊನಾಜೆಪಾಮ್ ಬೆರೆಸಿದ ಜೋಡಿ ಗುಳಿಗೆ ಮಾತ್ರ ಧಾರಾಳವಾಗಿ ಸಿಗುತ್ತದೆ. ಒಂದನ್ನು ಬಿಡಹೋದವರು ಎರಡನ್ನೂ ಒಟ್ಟಿಗೆ ಬಿಡುತ್ತಾರೆ. ಕ್ಲೊನಾಜೆಪಾಮನ್ನು ದೀರ್ಘಕಾಲ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಇಂಥ ಜೋಡಿಯನ್ನು ಮಾರಲು ಬಿಟ್ಟವರನ್ನು ಯಾರೂ ಕೇಳುವುದಿಲ್ಲ.

ಇನ್ನು ನಮ್ಮ ಜಿಲ್ಲೆಯ ಸಂಗತಿ. ದುಡಿಯಲು ಗೋವಾ, ಪುಣೆಗೆ ಹೋದವರ ಗುಳಿಗೆ ಅಲ್ಲೇ ತೀರುತ್ತದೆ. ಹಳೆಯ ಚೀಟಿ ಊರಲ್ಲಿ ಉಳಿದಿರುತ್ತದೆ. ಇದೂ ‘ಬಿಡುವುದೇ’, ಯಾರ ಸಲಹೆಯೂ ಇಲ್ಲದೆ. ರಮಝಾನಿನಲ್ಲಿ ಉಪವಾಸಕ್ಕೆಂದು ಬಿಡುವವರೂ ಇದ್ದಾರೆ. ದಿನಕ್ಕೊಮ್ಮೆ ನುಂಗುವ ಗುಳಿಗೆಯನ್ನು ಇಫ್ತಾರಿನ ಬಳಿಕವೋ ಸಹರಿಯಲ್ಲೋ ತೆಗೆದುಕೊಳ್ಳಲು ಬಹುತೇಕ ಅಡ್ಡಿಯಿಲ್ಲ. ವೈದ್ಯರನ್ನು ಒಂದು ಮಾತು ಕೇಳಿದರಾಯಿತು. ರೋಗಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಮಿಂಬರಿನಿಂದ ಇದನ್ನು ಹೇಳಲು ಎರಡು ನಿಮಿಷ ಸಾಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ, ಚಿಕಿತ್ಸೆಯ ಯೋಜನೆಯನ್ನೂ ಅಡ್ಡಪರಿಣಾಮಗಳನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆನ್ನುತ್ತದೆ. ಬಿಡುವ ದಾರಿ ಯೋಜನೆಯ ಭಾಗವಲ್ಲವೇ? ಮೊದಲ ಚೀಟಿಯಲ್ಲೇ ಅದನ್ನು ಕನ್ನಡದಲ್ಲಿ ಬರೆದುಕೊಡಿ ಎಂಬುದು ನಮ್ಮ ಬೇಡಿಕೆ. ಸಣ್ಣ ಪ್ರಮಾಣದ ಗುಳಿಗೆ, ದ್ರವರೂಪದ ಔಷಧ ಜಿಲ್ಲಾಸ್ಪತ್ರೆಯಲ್ಲಿ ದೊರೆಯಲಿ. ಅಲ್ಲಿಯವರೆಗೆ, ಈಗ ಗುಳಿಗೆ ತಿನ್ನುತ್ತಿರುವವರು ಈ ಲೇಖನ ಓದಿ ನಾಳೆಯೇ ನಿಲ್ಲಿಸಬಾರದು. ವೈದ್ಯರ ಬಳಿ ಹೋಗಿ ಇಳಿಸುವ ಕ್ರಮ ಕೇಳಬೇಕು. ದೂರದ ಊರಲ್ಲಿರುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.