ಕತ್ತರಿ ಹಿಡಿದವರೇ ಹೊಣೆ ಹೊರಲಿ

ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಕೆನ್ನೆಯ ಕೊಬ್ಬು ತೆಗೆಸಿಕೊಂಡು ಸಂಜೆಗೆ ಊರು ಸೇರಬಹುದು. ಸೌಂದರ್ಯ ಚಿಕಿತ್ಸೆಯ ಇಂಥ ಆಮಿಷ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರ ಮೊಬೈಲ್‌ಗೂ ಬರುತ್ತದೆ. ಊರು ಸೇರಿದ ಮೇಲೆ ಮುಖ ಊದಿಕೊಂಡರೆ ಯಾರನ್ನು ಕೇಳಬೇಕೆಂಬುದು ಮಾತ್ರ ಅದರಲ್ಲಿರುವುದಿಲ್ಲ.

ಕಿವಿಯ ಮುಂದಿನ ಪರೋಟಿಡ್ ಗ್ರಂಥಿಯಿಂದ ಹೊರಟ ಜೊಲ್ಲಿನ ನಾಳ ಕೆನ್ನೆಯನ್ನು ಹಾದು, ಮೇಲಿನ ಎರಡನೇ ದವಡೆಹಲ್ಲಿನ ಎದುರು ಬಾಯಿಗೆ ತೆರೆದುಕೊಳ್ಳುತ್ತದೆ. ತೆಗೆಯಲು ಹೊರಟ ಕೊಬ್ಬು ಇರುವುದೂ ಅದರ ಮಗ್ಗುಲಲ್ಲೇ. ಫೇಸ್‌ಲಿಫ್ಟ್‌ನಲ್ಲೋ ಕೊಬ್ಬು ತೆಗೆಯುವಾಗಲೋ ಗ್ರಂಥಿಗೆ, ನಾಳಕ್ಕೆ ಪೆಟ್ಟಾದರೆ ಜೊಲ್ಲು ಚರ್ಮದಡಿ ಸೇರಿಕೊಳ್ಳುತ್ತದೆ. ಮುದ್ದೆ ಊಟಕ್ಕೆ ಕೂತರೆ ಕೆನ್ನೆ ಉಬ್ಬುತ್ತದೆ. ಕೆಲವರಿಗೆ ಹೊಲಿಗೆಯ ಸಂದಿನಿಂದ ತಿಳಿನೀರು ಜಿನುಗುತ್ತದೆ. ಕೀವಿರಬೇಕೆಂದು ಬರೀ ಆಂಟಿಬಯೋಟಿಕ್ ನುಂಗಿಸಿದರೆ ಸೋರಿಕೆ ನಿಲ್ಲದು. ಆ ದ್ರವದ ಅಮೈಲೇಸ್ ಪರೀಕ್ಷೆ ಮಾಡಿಸಿದರೆ ಅದು ಜೊಲ್ಲೋ ಅಲ್ಲವೋ ತಿಳಿಯುತ್ತದೆ. ಸಣ್ಣ ಸೋರಿಕೆಯಾದರೆ ಸೂಜಿಯಿಂದ ಹೀರಿ ತೆಗೆದು, ಬಿಗಿಯಾಗಿ ಪಟ್ಟಿ ಕಟ್ಟಿ, ಜೊಲ್ಲು ತಗ್ಗಿಸುವ ಔಷಧವನ್ನೋ ಬೊಟಾಕ್ಸ್ ಚುಚ್ಚುಮದ್ದನ್ನೋ ಕೊಟ್ಟು ಗುಣಪಡಿಸಬಹುದು. ನಾಳವೇ ತುಂಡಾಗಿದ್ದರೆ ತಡಮಾಡದೆ ಜೋಡಿಸಬೇಕು.

ಇಂಥ ಪೆಟ್ಟು ನುರಿತ ಕೈಯಲ್ಲೂ ಆದೀತು. ಅದಕ್ಕಾಗಿ ವೈದ್ಯರನ್ನು ಕಟಕಟೆಗೆ ಎಳೆಯಬೇಕಿಲ್ಲ. ಆದರೆ ಏನು ಮಾಡಿದೆವೆಂದು ಬರೆದುಕೊಡದೆ ಕಳಿಸುವುದು, ನೋವೆಂದಾಗ ಫೋನ್ ಎತ್ತದಿರುವುದು ಕ್ಷಮೆಗೆ ಅರ್ಹವಲ್ಲ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಸಾವನ್ನಪ್ಪಿದರು. ವಯಸ್ಸು ಬರೀ 21. ಆ ಕೇಂದ್ರಕ್ಕೆ ಇದ್ದದ್ದು ಪಾಲಿಕ್ಲಿನಿಕ್, ಡಿಸ್ಪೆನ್ಸರಿಯ ಅನುಮತಿ ಮಾತ್ರ ಎಂದು ಆರೋಗ್ಯ ಇಲಾಖೆಯ ಅಧಿಕಾರಿಗಳು ಹೇಳಿದ್ದು ಸಾವಿನ ನಂತರ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಮಾರ್ಗಸೂಚಿಯಲ್ಲಿ ಬರೆಯಬೇಕಾಗಿ ಬಂದದ್ದೂ ಅದೇ ವರ್ಷ.

ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ; ನೋಂದಣಿ, ದೂರು ಎರಡನ್ನೂ ನೋಡಿಕೊಳ್ಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ಅದು ಹೆಣ ಬಿದ್ದ ಮೇಲೆ ಕಡತ ಬಿಚ್ಚುವ ಕಚೇರಿಯಾಗಬಾರದು. ಯಾವ ಕೇಂದ್ರಕ್ಕೆ ಯಾವ ಶಸ್ತ್ರಚಿಕಿತ್ಸೆಯ ಅನುಮತಿ ಇದೆ ಎಂಬುದು ಬಾಗಿಲಲ್ಲೇ ಕನ್ನಡದಲ್ಲಿ ಕಾಣಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಶಸ್ತ್ರಚಿಕಿತ್ಸಕರ ಹೆಸರು, ರಾತ್ರಿಯೂ ಸಿಗುವ ಫೋನ್ ಸಂಖ್ಯೆ ಇರಬೇಕು. ತೊಡಕಾದರೆ ಸೇರಿಸಿಕೊಳ್ಳುವ ಆಸ್ಪತ್ರೆಯ ಲಿಖಿತ ಒಪ್ಪಿಗೆ ತೋರಿಸದ ಕೇಂದ್ರಕ್ಕೆ ಮುಖದ ಮೇಲೆ ಕತ್ತರಿ ಇಡಲು ಪರವಾನಗಿ ಕೊಡಕೂಡದು. ಈಗಾಗಲೇ ಕೊಟ್ಟಿದ್ದರೆ ರದ್ದು ಮಾಡಬೇಕು.