ಉಪನ್ಯಾಸದ ತಿರುಳು ಎಲ್ಲಿದೆ?

ಫೆಬ್ರವರಿ 28 ಸಮೀಪಿಸಿತೆಂದರೆ ನಮ್ಮ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನೋಪನ್ಯಾಸಗಳ ಸುಗ್ಗಿಯೇ ಸರಿ. 1928ರಲ್ಲಿ ಅದೇ ದಿನ ರಾಮನ್ ಪರಿಣಾಮವು ಕಂಡುಬಂದುದರ ನೆನಪಿಗಾಗಿ 1987ರಿಂದ ಅದನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತ ಬಂದಿದ್ದೇವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆ ಆಗ ಕಡಲೆ, ಬಿಳಿಜೋಳಗಳ ಒಕ್ಕಣೆ ಮುಗಿಯುತ್ತ ಬಂದಿರುತ್ತದೆ. ಆದುದರಿಂದ ಪಾಲಕರೂ ಬಿಡುವು ಮಾಡಿಕೊಂಡು ಬಂದು ಜಮಖಾನೆಯ ಮೇಲೆ ಕೂಡುವುದುಂಟು. ಅತಿಥಿಗಳು ಆರ್ಯಭಟನಿಂದ ಹೊರಟು, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನರನ್ನು ದಾಟಿ, ಚಂದ್ರಯಾನವನ್ನು ಮುಟ್ಟಿ, ‘ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳಿರಿ’ ಎಂಬ ಕರೆಯೊಡನೆ ಮುಗಿಸುತ್ತಾರೆ. ಮರುದಿನ ಒಬ್ಬ ಹುಡುಗನನ್ನು ಕರೆದು ನಿನ್ನೆ ಏನು ಹೇಳಿದರೆಂದು ಕೇಳಿರಿ. ‘ಭಾಳ ಛಲೋ ಹೇಳಿದರ್ರಿ’ ಎನ್ನುತ್ತಾನೆ. ಹೇಳಿದ್ದು ಏನು ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ.

ಇದು ಹುಡುಗನ ದೋಷವಲ್ಲ. ಭಾಷಣಕಾರರ ಕಂಠದ ದೋಷವೂ ಅಲ್ಲ. ಭಾಷಣಸ್ಪರ್ಧೆಗಳ ಪುಣ್ಯದಿಂದ ನಮ್ಮ ವಿದ್ಯಾರ್ಥಿಗಳಿಗೆ ಕಂಠವೂ ಕೈಯಾಡಿಸುವ ಭಂಗಿಯೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬಂದುಬಿಟ್ಟಿವೆ. ಕೊರತೆ ಇರುವುದು ತಿರುಳಿನದು. ವಿಷಯ ಬೇರೆ, ತಿರುಳು ಬೇರೆ ಎಂಬುದನ್ನು ನಾವು ಮರೆಯುತ್ತೇವೆ. ವಿಷಯವು ಪ್ರತಿವರ್ಷ ದಿಲ್ಲಿಯಿಂದ ಘೋಷವಾಕ್ಯದ ರೂಪದಲ್ಲಿ ಬರುತ್ತದೆ. ತಿರುಳು ಹಾಗೆ ಬರಲಾರದು. ‘ಗ್ರಹಣ’ ಎಂಬುದೊಂದು ವಿಷಯ. ‘ಗ್ರಹಣಕಾಲದ ಬಿಸಿಲೂ ನಿನ್ನೆಯ ಬಿಸಿಲೇ, ಪ್ರಮಾಣದಲ್ಲಿ ಮಾತ್ರ ಕಡಿಮೆ’ ಎಂಬುದು ತಿರುಳು.

ಈ ವ್ಯತ್ಯಾಸ ಬರಿಯ ಅಲಂಕಾರದ್ದಲ್ಲ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ಕಾಸರಗೋಡು, ಕೊಡಗುಗಳ ಕಡೆ ಕಂಕಣವಾಗಿಯೂ ನಮ್ಮಲ್ಲಿ ಪಾರ್ಶ್ವವಾಗಿಯೂ ಕಾಣಿಸಿತು. ಆ ಮುಂಜಾನೆ ಕಲಬುರ್ಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾದೀತೆಂಬ ಆಸೆಯಿಂದ, ಹೆತ್ತವರೇ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿಯನ್ನು ನಾಡೆಲ್ಲ ಓದಿತು. ಆ ತಾಯಿತಂದೆಗಳ ಕಿವಿಗೆ ‘ಮೂಢನಂಬಿಕೆ ಬಿಡಿರಿ’ ಎಂಬ ಕರೆ ಬಿದ್ದಿರಲಿಲ್ಲವೆಂದು ನಾನು ನಂಬಲಾರೆ. ಅದು ಎಲ್ಲರ ಕಿವಿಗೂ ಬಿದ್ದಿರುವ ಮಾತು. ಅವರಿಗೆ ದೊರೆಯದೆ ಹೋದದ್ದು, ತಾವೇ ಪರೀಕ್ಷಿಸಿ ನೋಡಬಹುದಾದ ಒಂದು ಮಾತು. ರಟ್ಟಿನಲ್ಲಿ ಸಣ್ಣ ರಂಧ್ರವೊಂದನ್ನು ಕೊರೆದು ಬಿಸಿಲಿಗೆ ಹಿಡಿಯಿರಿ. ಒಂದು ಮೀಟರು ಕೆಳಗಿಟ್ಟ ಕಾಗದದ ಮೇಲೆ ಸುಮಾರು 9 ಮಿಲಿಮೀಟರು ವ್ಯಾಸದ ದುಂಡು ಬಿಂಬ ಬೀಳುತ್ತದೆ, ಅದೇ ಸೂರ್ಯ. ಗ್ರಹಣದ ದಿನ ಅದೇ ಬಿಂಬ ಕುಡುಗೋಲಿನಂತೆ ಬಾಗುತ್ತದೆ. ಬೇವಿನ ಮರದಡಿಯ ಬಿಸಿಲುಚುಕ್ಕೆಗಳೂ ಹಾಗೆಯೇ ಬಾಗುತ್ತವೆ. (ನೇರವಾಗಿ ಸೂರ್ಯನನ್ನು ನೋಡಿದರೆ ಮಾತ್ರ ಕಣ್ಣಿಗೆ ಅಪಾಯ. ಅದು ಗ್ರಹಣವಿಲ್ಲದ ದಿನವೂ ಅಷ್ಟೇ ನಿಜ.)

ತಿರುಳನ್ನು ಹುಡುಕುವವನಿಗೆ ನಾನು ಹೇಳತಕ್ಕ ಉಪಾಯ ಒಂದೇ: ಎರಡನೆಯ ಪ್ರಶ್ನೆಗೆ ಸಿದ್ಧನಾಗು. ಗ್ರಹಣವೆಂದರೇನು ಎಂಬ ಮೊದಲನೆಯ ಪ್ರಶ್ನೆಗೆ ಪಠ್ಯಪುಸ್ತಕವೇ ಉತ್ತರ ಹೇಳುತ್ತದೆ. ‘ರಂಧ್ರವನ್ನು ಚೌಕವಾಗಿ ಕೊರೆದರೂ ಬೆಳಕು ದುಂಡಗೆ ಬೀಳುವುದೇಕೆ?’ ಎಂಬ ಎರಡನೆಯ ಪ್ರಶ್ನೆಗೆ ರಟ್ಟು ಕೊರೆದು ನೋಡಿದವನೇ ಧೈರ್ಯದಿಂದ ಉತ್ತರ ಕೊಡಬಲ್ಲ. ಬರೆದುಕೊಂಡ ಭಾಷಣದಲ್ಲಿ ಎರಡನೆಯ ಪ್ರಶ್ನೆಗೆ ನಿಲ್ಲಲಾರದ ವಾಕ್ಯಗಳನ್ನೆಲ್ಲ ಹೊಡೆದುಹಾಕಿರಿ. ಉಳಿದದ್ದು ಅರ್ಧ ಪುಟವಾದರೂ ಚಿಂತೆಯಿಲ್ಲ, ಅದು ನಿಮ್ಮದು.

‘ಹಾಗಾದರೆ ಪರಮಾಣು, ನಕ್ಷತ್ರಗಳ ಮಾತೇ ಆಡಬಾರದೆ?’ ಎಂದು ಆಕ್ಷೇಪಿಸಬಹುದು. ಧಾರಾಳವಾಗಿ ಆಡಬಹುದು, ಆದರೆ ಮೊದಲ ಮೆಟ್ಟಿಲಿನ ಮೇಲಾದರೂ ನಿಮ್ಮ ಸ್ವಂತದ ಕಾಲು ಊರಿರಬೇಕು. 1860-61ರ ಕ್ರಿಸ್‌ಮಸ್ ರಜೆಯಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ಮಕ್ಕಳಿಗೆ ಆರು ಉಪನ್ಯಾಸಗಳನ್ನು ಕೊಟ್ಟನು. ಆರಕ್ಕೂ ಆಧಾರ ಒಂದೇ ಮೇಣದ ಬತ್ತಿ; ಅದರ ಜ್ವಾಲೆಯಿಂದ ಹೊರಟು ಮನುಷ್ಯನ ಉಸಿರಾಟದವರೆಗೆ ಅವರನ್ನು ಕೊಂಡೊಯ್ದನು. ರಾಮನ್ನರು 1968ರಲ್ಲಿ ಅಹಮದಾಬಾದಿನಲ್ಲಿ ಆಕಾಶವು ನೀಲಿಯೇಕೆ ಎಂಬುದನ್ನು ಕುರಿತು ಮಾತನಾಡಿದರು. 1921ರಲ್ಲೇ ಹಡಗಿನ ಮೇಲೆ ನಿಂತು ಸಮುದ್ರದ ನೀಲಿಯನ್ನು ನಿಕಲ್ ಪ್ರಿಸಮಿನ ಮೂಲಕ ಪರೀಕ್ಷಿಸಿದವರಿಗೆ ಆ ಮಾತಿನ ಅಧಿಕಾರವಿತ್ತು.

ಒಂದೇ ಸಂಗತಿಯನ್ನು ಹಿಡಿದು ಕೂತರೆ ಸಭೆ ಬೇಸತ್ತೀತೆಂಬ ಭಯವೂ ಕೆಲವರಿಗಿದೆ. ಸವಾಯಿ ಗಂಧರ್ವರ ಕುಂದಗೋಳದಲ್ಲಿ ನಿಂತು ಈ ಭಯವನ್ನು ಆಡುವುದು ವಿಚಿತ್ರವೇ ಸರಿ! ಅಲ್ಲಿಯ ನಾಡಿಗೇರ ವಾಡೆಯಲ್ಲಿ ಒಂದೇ ರಾಗವನ್ನು ಗಂಟೆಗಟ್ಟಲೆ ಹಾಡಿದರೂ ಒಕ್ಕಲಿಗರು ತಲೆದೂಗುತ್ತ ಕೂತಿರುತ್ತಾರೆ. ಅರ್ಧ ಗಂಟೆಯಲ್ಲಿ ಹತ್ತು ರಾಗ ಹಾಡಿದವನನ್ನು ಅವರು ಎಬ್ಬಿಸಿ ಕಳುಹಿಸಿಯಾರು.

ನವಲಗುಂದ ತಾಲ್ಲೂಕಿನಿಂದ ಬರುವ ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಶಾಲೆಯಲ್ಲಿ ಮಾತನಾಡಬೇಕಾಗಿತ್ತು. ನ್ಯಾನೊ ತಂತ್ರಜ್ಞಾನವನ್ನು ಕುರಿತು ಹನ್ನೆರಡು ಪುಟ ಬರೆದು ತಂದು ತೋರಿಸಿದಳು. ಇದರಲ್ಲಿ ನೀನು ಕಂಡದ್ದು ಯಾವುದೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮನಿ ಗ್ವಾಡಿ ವರ್ಷಾ ಬಿರೀತಾವ್ರಿ ಸರ. ಅದರ ಬಗ್ಗೆ ಹೇಳಿದ್ರ ನಡೀತೈತೇನ್ರಿ?’ ಎಂದಳು.

ಅವಳು ಮಾಡಿದ ಪ್ರಯೋಗವನ್ನು ಯಾವ ಕಾಲೇಜಿನಲ್ಲೂ ಮಾಡಬಹುದು. ಹೊಲದ ಎರೆಮಣ್ಣನ್ನು ಒಣಗಿಸಿ, ಪುಡಿಮಾಡಿ, ಸಣ್ಣ ಜರಡಿಯಲ್ಲಿ ಸೋಸಿ, 100 ಮಿಲಿಲೀಟರಿನ ಎರಡು ಅಳತೆಯ ಸಿಲಿಂಡರುಗಳಲ್ಲಿ ಹತ್ತು ಹತ್ತು ಗ್ರಾಂ ಹಾಕಿದಳು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿದಳು. 24 ಗಂಟೆಗಳ ಮೇಲೆ ನೋಡಿದರೆ ಸೀಮೆಎಣ್ಣೆಯಲ್ಲಿಯ ಮಣ್ಣು ಸುಮ್ಮನೆ ತಳದಲ್ಲಿ ಕೂತಿತ್ತು; ನೀರಿನಲ್ಲಿಯದು ಅದರ ಒಂದೂವರೆ ಪಟ್ಟಿಗೂ ಮಿಕ್ಕಿ ಉಬ್ಬಿತ್ತು. ಎರೆಮಣ್ಣಿನ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ಪದರಗಳ ಮೇಲೆ ಋಣವಿದ್ಯುದಂಶವೂ ನಡುವೆ ಧನ ಅಯಾನುಗಳೂ ಇರುತ್ತವೆ. ನೀರಿನ ಅಣುವಿಗೆ ಧನ-ಋಣಗಳೆಂಬ ಎರಡು ತುದಿಗಳಿರುವುದರಿಂದ ಅದು ಈ ಸೆಳೆತಕ್ಕೆ ಸಿಕ್ಕಿ ಒಳಹೊಕ್ಕು ಪದರಗಳನ್ನು ದೂರ ತಳ್ಳುತ್ತದೆ. ಸೀಮೆಎಣ್ಣೆಯ ಅಣುವಿಗೆ ಅಂಥ ತುದಿಗಳಿಲ್ಲ. ಮಳೆಗಾಲದಲ್ಲಿ ಉಬ್ಬಿದ ನೆಲ ಬೇಸಗೆಯಲ್ಲಿ ಕುಗ್ಗುತ್ತದೆ, ಮೇಲಿನ ಗೋಡೆ ಬಿರಿಯುತ್ತದೆ. ‘ಗೋಡೆ ಸೀಳುವುದು ಬುನಾದಿಯ ಕೆಳಗಿನ ಎರೆ’ ಎಂಬ ಒಂದೇ ಮಾತನ್ನು ಅವಳು ಆ ಸಭೆಯಲ್ಲಿ ಹೇಳಿದಳು. ವಾಸ್ತುದೋಷವೆಂದು ಬಾಗಿಲು ಕಿತ್ತು ಬೇರೆ ದಿಕ್ಕಿಗೆ ಇಡಿಸಿ ಸಾಲಗಾರರಾದವರು ಎದುರಿನಲ್ಲೇ ಕೂತಿದ್ದರು. ಎರಡು ಸಿಲಿಂಡರುಗಳು ಮೇಜಿನ ಮೇಲಿದ್ದವು.

ಎರಡನೆಯ ಪ್ರಶ್ನೆ ಹಿರಿಯ ಒಕ್ಕಲಿಗರೊಬ್ಬರಿಂದ ಬಂತು: ಮಲಪ್ರಭಾ ಕಾಲುವೆಯ ನೀರುಂಡ ಹೊಲದ ಮಣ್ಣು ಒಣಬೇಸಾಯದ ಮಣ್ಣಿಗಿಂತ ಹೆಚ್ಚು ಉಬ್ಬುವುದೋ, ಕಡಿಮೆಯೋ? ‘ನೋಡಿಲ್ರಿ ಕಾಕಾ, ಎರಡೂ ಹೊಲದ ಮಣ್ಣು ಕೊಡ್ರಿ’ ಎಂದಳು. ಪದರಗಳ ನಡುವೆ ಸೋಡಿಯಂ ಹೆಚ್ಚಿದಷ್ಟೂ ಉಬ್ಬು ಹೆಚ್ಚೆಂದು ಗ್ರಂಥಗಳು ಹೇಳುತ್ತವೆ. ಆ ಹೊಲಗಳಲ್ಲಿ ಹಾಗಾಗಿದೆಯೆ ಎಂಬುದನ್ನು ಅಳೆದೇ ಹೇಳಬೇಕು. ಎರಡು ಪೊಟ್ಟಣಗಳು ಪ್ರಯೋಗಶಾಲೆಗೆ ಬಂದಿವೆ. ಮಣ್ಣು ಇನ್ನೂ ಒಣಗುತ್ತಿದೆ.