ದುಂಡು ಅಕ್ಷರದ ‘ತಮ್ಮ’

‘ಅಕ್ಷರ ದುಂಡಗಿರಲಿ’ ಎಂಬ ಮಾತನ್ನು ಮೇಷ್ಟ್ರ ಬಾಯಿಂದ ಕೇಳದ ವಿದ್ಯಾರ್ಥಿ ಇರಲಾರ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಈ ದುಂಡುತನ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ಬರೆಯುವವರೇ ತಿಳಿದುಕೊಳ್ಳಬೇಕು.

ಅಂಥ ದಪ್ಪ, ದುಂಡನೆಯ ಕನ್ನಡ ಫಾಂಟುಗಳಲ್ಲಿ ‘ಬಾಲೂ ತಮ್ಮ’ ಒಂದು. ಮುಂಬೈಯ ‘ಏಕ್ ಟೈಪ್’ ಸಂಸ್ಥೆ ಭಾರತದ ಹಲವು ಲಿಪಿಗಳಿಗೆ ಒಂದೇ ಕುಟುಂಬದ ಅಕ್ಷರಗಳನ್ನು ರೂಪಿಸಿ, ಆಯಾ ಭಾಷೆಯ ಮನೆಮಾತಿನಿಂದಲೇ ಹೆಸರಿಟ್ಟಿತು. ಕನ್ನಡಕ್ಕೆ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ನಲ್ಲಿ ಬರುವ ಕರಡಿಯ ಹೆಸರೂ ಬಾಲೂ. ಈ ಅಕ್ಷರದ ಸ್ವಭಾವವೂ ಹಾಗೆಯೇ: ತುಂಬಿದ ಮೈ, ಮೊನೆಯಿಲ್ಲದ ತುದಿ, ಗದರಿಸದ ಮುಖ. ಯಾರು ಬೇಕಾದರೂ ಇದನ್ನು ಹಣ ಕೊಡದೆ ಬಳಸಬಹುದು.

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಆ ಊರಿನ ವಿದ್ಯಾರ್ಥಿನಿಯೊಬ್ಬಳು ಅದರ ಬಗ್ಗೆ ಶಾಲೆಗೊಂದು ಭಿತ್ತಿಪತ್ರ ಮಾಡುತ್ತಾಳೆ ಎಂದಿಟ್ಟುಕೊಳ್ಳೋಣ. ಮೇಲೆ ‘ಬಸರಾಳು’ ಎಂದು ತಮ್ಮನಲ್ಲಿ ಬರೆದರೆ ಬಾಗಿಲಿನಿಂದಲೇ ಕಾಣುತ್ತದೆ. ನಾಲ್ಕೂ ದುಂಡು ಅಕ್ಷರಗಳೇ, ದಪ್ಪವಾದಷ್ಟೂ ಚೆನ್ನ. ಆ ಸಂತೋಷದಲ್ಲಿ ಕೆಳಗಿನ ಇಪ್ಪತ್ತು ಸಾಲುಗಳನ್ನೂ ಅದೇ ದಪ್ಪದಲ್ಲಿ ಒತ್ತಿ ಬರೆದರೆ ಹಾಳೆಯೆಲ್ಲ ಕಪ್ಪಾಗಿ, ಓದುವವರು ಮೂರನೆಯ ಸಾಲಿಗೇ ಮುಖ ತಿರುಗಿಸುತ್ತಾರೆ.

ಕಾರಣ ಕನ್ನಡ ಲಿಪಿಯಲ್ಲೇ ಇದೆ. ನಮ್ಮ ಅಕ್ಷರಗಳ ಅರ್ಥವನ್ನು ಕಾಯುವುದು ಸಣ್ಣ ಸಣ್ಣ ಗುರುತುಗಳು. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಮಸಿಯಲ್ಲಿ ಮುಚ್ಚಿಹೋದರೆ ‘ಪಾಠ’ ಹೋಗಿ ‘ಪಾರ’ ಆಗುತ್ತದೆ. ‘ಧ’ದ ಬುಡದ ಗೆರೆ ಕಾಣದಿದ್ದರೆ ‘ಧನ’ ಹೋಗಿ ‘ದನ’ ಬರುತ್ತದೆ! ಗೆರೆ ದಪ್ಪವಾದಂತೆ ಅಕ್ಷರದೊಳಗಿನ ಬಯಲು ಕಿರಿದಾಗುತ್ತದೆ. ದೊಡ್ಡ ಗಾತ್ರದಲ್ಲಿ ಅದು ತೊಂದರೆ ಕೊಡುವುದಿಲ್ಲ. ಚಿಕ್ಕ ಗಾತ್ರದಲ್ಲಿ, ಅದರಲ್ಲೂ ಜೆರಾಕ್ಸ್ ಪ್ರತಿಯಲ್ಲಿ, ಬಯಲೇ ಉಳಿಯುವುದಿಲ್ಲ.

ಒತ್ತಕ್ಷರದ ಮಾತು ಬೇರೆ. ‘ಮಲ್ಲಿಕಾರ್ಜುನ’ ಎಂದು ಬರೆದಾಗ ಲಕಾರದ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು.

ಆದ್ದರಿಂದ ತಲೆಬರಹ, ಪುಸ್ತಕದ ರಕ್ಷಾಪುಟ, ನಾಟಕದ ಪ್ರಕಟಣೆ, ಪುಟ್ಟ ಮಕ್ಕಳ ಅಕ್ಷರಮಾಲೆಯ ಚಿತ್ರಪಟ ಇವು ದಪ್ಪ ತಮ್ಮನ ಜಾಗ. ವಿವರಣೆ, ವರದಿ, ಅರ್ಜಿಗೆ ತೆಳುವಾದ ಸರಳ ಅಕ್ಷರವೇ ಸರಿ. ‘ಬಾಲೂ ತಮ್ಮ 2’ ಎಂಬ ಮುಂದಿನ ರೂಪದಲ್ಲಿ ಐದು ಬಗೆಯ ದಪ್ಪಗಳಿವೆ. ತಲೆಬರಹಕ್ಕೆ ಅತಿ ದಪ್ಪವನ್ನೂ ಚಿತ್ರದಡಿಯ ಎರಡು ಸಾಲಿಗೆ ತೆಳುವಾದುದನ್ನೂ ಆರಿಸಬಹುದು. ವಿದ್ಯಾರ್ಥಿವೇತನದ ಕೊನೆಯ ದಿನಾಂಕದಂಥ ಸೂಚನೆಯಲ್ಲಿ ಎಲ್ಲವನ್ನೂ ದಪ್ಪ ಮಾಡಿದರೆ ದಿನಾಂಕವೇ ಕಣ್ಣಿಗೆ ಬೀಳದೆ ಹೋಗುತ್ತದೆ. ದಿನಾಂಕವೊಂದನ್ನೇ ದಪ್ಪ ಮಾಡಿದರೆ ಯಾರೂ ತಪ್ಪಿಸಿಕೊಳ್ಳಲಾರರು.

ತಂದೆತಾಯಿ ಮನೆಯಲ್ಲೇ ಮಾಡಿಸಬಹುದಾದ ಪರೀಕ್ಷೆಯೊಂದಿದೆ. ಮಗು ಮಾಡಿದ ಭಿತ್ತಿಪತ್ರವನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರದಿಂದ ತಲೆಬರಹವನ್ನೂ ಎರಡು ಹೆಜ್ಜೆ ದೂರದಿಂದ ಉಳಿದುದನ್ನೂ ಅಜ್ಜಿಯಿಂದ ಓದಿಸಿ. ಅಜ್ಜಿ ಎಲ್ಲಿ ತಡವರಿಸುತ್ತಾರೋ ಅಲ್ಲಿ ಅಕ್ಷರ ಬದಲಾಗಬೇಕು.